ತರಗಿಗೆ ಕಡ್ಡಿ ಗೀರುವ ಮುನ್ನ: ಗದ್ದೆಯಲ್ಲಿ ಬಿದ್ದಿರುವ ‘ಬೀಗ ಹಾಕಿದ ಸಕ್ಕರೆ’ಯ ಲೆಕ್ಕ



ಕಬ್ಬು ಕಡಿದು ಲಾರಿ, ಟ್ರ್ಯಾಕ್ಟರ್ ಹೊರಟ ಮೇಲೆ ಗದ್ದೆಯಲ್ಲಿ ಉಳಿಯೋದು ಮೊಣಕಾಲು ಮುಚ್ಚುವಷ್ಟು ಒಣ ತರಗು. ನಮ್ಮ ಪಾಂಡವಪುರದ ಕಡೆ ತರಗು ಅಂತೀವಿ, ಉತ್ತರ ಕರ್ನಾಟಕದವರು ರವದಿ ಅಂತಾರೆ. ಹೆಸರು ಬೇರೆಯಾದರೂ ಹೆಚ್ಚಿನ ಕಡೆ ಅದರ ಗತಿ ಒಂದೇ: ಸಂಜೆ ಹೊತ್ತಿಗೆ ಒಂದು ಬೆಂಕಿಕಡ್ಡಿ. ಅರ್ಧ ಗಂಟೆಯಲ್ಲಿ ಗದ್ದೆ ಕ್ಲೀನ್, ಮರುದಿನ ಕೂಳೆಗೆ ನೀರು.

ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದು ಸಾವಯವ ಬೇಸಾಯ ಶುರು ಮಾಡಿದಾಗ ಜನ ನನ್ನನ್ನು ಹೆಚ್ಚಾಗಿ ಕೇಳಿದ್ದು ಗೊಬ್ಬರದ ವಿಚಾರ ಅಲ್ಲ. “ತರಗು ಸುಡದೆ ಏನಪ್ಪಾ ಮಾಡ್ತೀಯ?” ಅಂತ. ಈಗಲೂ ಅದೇ ಪ್ರಶ್ನೆ ಬರುತ್ತೆ. “ಸುಡಬೇಡಿ, ಪರಿಸರ ಹಾಳಾಗುತ್ತೆ” ಅಂತ ಉಪದೇಶ ಹೇಳಿದರೆ ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ. ಆ ತರಗಿನ ಒಳಗೆ ಏನಿದೆ, ಸುಟ್ಟರೆ ಏನು ಹೋಗುತ್ತೆ, ಉಳಿಸಿದರೆ ಏನು ಸಿಗುತ್ತೆ ಅನ್ನೋ ಲೆಕ್ಕ ಗೊತ್ತಾದರೆ ತೀರ್ಮಾನ ನಿಮ್ಮದೇ. ಅದಕ್ಕೆ ಈ ವಾರ ಸೆಲ್ಯುಲೋಸ್ ನಾರಿನ ವಿಚಾರ.

ಸೆಲ್ಯುಲೋಸ್ ಅಂದರೆ ಏನು?

1838ರಲ್ಲಿ ಆನ್ಸೆಲ್ಮ್ ಪಾಯೆನ್ ಅನ್ನೋ ಫ್ರೆಂಚ್ ರಸಾಯನ ವಿಜ್ಞಾನಿ ಬೇರೆ ಬೇರೆ ಗಿಡಗಳ ಭಾಗಗಳನ್ನು ಆಮ್ಲ, ಅಮೋನಿಯಾಗಳಿಂದ ಸಂಸ್ಕರಿಸಿ ನೋಡಿದ. ಯಾವ ಗಿಡ ತಗೊಂಡರೂ ಕೊನೆಗೆ ಒಂದೇ ಥರದ ಬಿಳಿ ನಾರು ಉಳಿಯುತ್ತಿತ್ತು. ಸಸ್ಯಕೋಶದ ಗೋಡೆಯಲ್ಲಿರುವ ಆ ವಸ್ತುವೇ ಸೆಲ್ಯುಲೋಸ್. ಭೂಮಿ ಮೇಲೆ ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಅತಿ ಹೆಚ್ಚು ಇರೋದು ಇದೇ.

ಇದರ ಇಟ್ಟಿಗೆ ಯಾವುದು ಗೊತ್ತಾ? ಗ್ಲೂಕೋಸ್. ಸುಸ್ತಾದಾಗ ಆಸ್ಪತ್ರೆಯಲ್ಲಿ ಬಾಟಲಿ ಹಾಕ್ತಾರಲ್ಲ, ಅದೇ ಸಕ್ಕರೆ. ಸಾವಿರಾರು ಗ್ಲೂಕೋಸ್ ಮಣಿಗಳನ್ನು ಒಂದು ದಾರಕ್ಕೆ ಪೋಣಿಸಿದರೆ ಒಂದು ಸೆಲ್ಯುಲೋಸ್ ಸರಪಳಿ. ಹತ್ತಿಯ ನಾರಿನಲ್ಲಿ ಒಂದೊಂದು ಸರಪಳಿಗೆ ಸುಮಾರು ಹತ್ತು ಸಾವಿರ ಮಣಿಗಳಿರುತ್ತವೆ.

ಹಾಗಾದರೆ ಅನ್ನ, ರಾಗಿಮುದ್ದೆಯಲ್ಲಿರುವ ಪಿಷ್ಟವೂ ಗ್ಲೂಕೋಸ್ ಸರಪಳಿಯೇ ಅಲ್ವಾ? ಹೌದು. ವ್ಯತ್ಯಾಸ ಇರೋದು ಮಣಿಗಳನ್ನು ಜೋಡಿಸಿರುವ ರೀತಿಯಲ್ಲಿ. ಪಿಷ್ಟದಲ್ಲಿ ಎಲ್ಲಾ ಮಣಿಗಳೂ ಒಂದೇ ಮುಖವಾಗಿ ಕೂತಿರುತ್ತವೆ, ಹಾಗಾಗಿ ಸರಪಳಿ ಸ್ಪ್ರಿಂಗ್ ಥರ ಸುರುಳಿ ಸುತ್ತುತ್ತೆ. ಅದರೊಳಗೆ ನೀರು ನುಗ್ಗುತ್ತೆ, ನಮ್ಮ ಜೊಲ್ಲಿನ ಕಿಣ್ವವೂ ನುಗ್ಗುತ್ತೆ, ಬೇಗ ಅರಗುತ್ತೆ. ಸೆಲ್ಯುಲೋಸಿನಲ್ಲಿ ಒಂದು ಮಣಿ ನೆಟ್ಟಗೆ, ಮುಂದಿನದು ತಲೆಕೆಳಗೆ, ಹೀಗೆ ಅದಲು ಬದಲು. ಇದರಿಂದ ಸರಪಳಿ ಕೋಲಿನಂತೆ ನೇರವಾಗಿ ನಿಲ್ಲುತ್ತೆ. ನೇರ ಸರಪಳಿಗಳು ಪಕ್ಕ ಪಕ್ಕ ಕೂತು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡಿದ ಹಾಗೆ ಅಂದುಕೊಳ್ಳಿ. ಒಂದೊಂದು ಎಳೆ ದುರ್ಬಲ, ಹೊಸೆದ ಮೇಲೆ ಎತ್ತು ಕಟ್ಟಬಹುದು. ಇಷ್ಟು ಬಿಗಿಯಾದ ಕಟ್ಟಿನೊಳಗೆ ನಮ್ಮ ಹೊಟ್ಟೆಯ ಯಾವ ಕಿಣ್ವವೂ ಕೆಲಸ ಮಾಡಲ್ಲ. ಅದಕ್ಕೇ ನಾವು ಹುಲ್ಲು ತಿಂದು ಬದುಕೋಕೆ ಆಗಲ್ಲ.

ತರಗು, ಬತ್ತದ ಹುಲ್ಲು, ಮರ, ತೆಂಗಿನ ನಾರು ಇವುಗಳಲ್ಲಿ ಸೆಲ್ಯುಲೋಸ್ ಒಂಟಿಯಾಗಿ ಇರಲ್ಲ. ಆರ್‌ಸಿಸಿ ಮನೆಗೆ ಹೋಲಿಸಿ ನೋಡಿ. ಸೆಲ್ಯುಲೋಸ್ ಅನ್ನೋದು ಕಬ್ಬಿಣದ ಕಂಬಿ, ಹೆಮಿಸೆಲ್ಯುಲೋಸ್ ಕಂಬಿ ಕಟ್ಟುವ ತಂತಿ, ಲಿಗ್ನಿನ್ ಸುತ್ತ ಹಾಕಿದ ಸಿಮೆಂಟು. ಹತ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬರೀ ಕಂಬಿ. ಕಬ್ಬಿನ ತರಗಿನಲ್ಲಿ ಸುಮಾರು ಶೇ 40 ಸೆಲ್ಯುಲೋಸ್. ತೆಂಗಿನ ನಾರಿನಲ್ಲಿ ಸಿಮೆಂಟು ಬಹಳ ಜಾಸ್ತಿ, ಹಾಗಾಗಿ ತೆಂಗಿನ ಸಿಪ್ಪೆ ವರ್ಷಗಟ್ಟಲೆ ಕೊಳೆಯದೆ ಬಿದ್ದಿರುತ್ತೆ. ಯಾವುದು ಬೇಗ ಕೊಳೆಯುತ್ತೆ, ಯಾವುದು ತಡ ಅನ್ನೋದನ್ನು ಬಹುಮಟ್ಟಿಗೆ ಈ ಸಿಮೆಂಟಿನ ಪ್ರಮಾಣವೇ ತೀರ್ಮಾನ ಮಾಡುತ್ತೆ.

ನಮ್ಮ ಜಿಲ್ಲೆ ಮತ್ತು ಸೆಲ್ಯುಲೋಸ್ ನಂಟು

ಬೆಳಗ್ಗೆ ಎದ್ದಾಗಿನಿಂದ ಮುಟ್ಟುವ ವಸ್ತುಗಳನ್ನು ಲೆಕ್ಕ ಹಾಕಿ. ಪಂಚೆ, ಟವೆಲ್, ಪೇಪರ್, ಗೋಣಿಚೀಲ, ದೀಪದ ಬತ್ತಿ, ಕಟ್ಟಿಗೆ ಎಲ್ಲಾ ಸೆಲ್ಯುಲೋಸ್. ನುಂಗುವ ಮಾತ್ರೆಯ ಪುಡಿ ಉದುರದಂತೆ ಹಿಡಿದಿಡೋಕೆ, ಐಸ್‌ಕ್ರೀಮ್ ನುಣ್ಣಗೆ ಇರೋಕೆ ಹಾಕೋದೂ ಸಂಸ್ಕರಿಸಿದ ಸೆಲ್ಯುಲೋಸೇ. ಹತ್ತಿ ಟವೆಲ್ ನೀರು ಹೀರುತ್ತೆ, ಪಾಲಿಯೆಸ್ಟರ್ ಬಟ್ಟೆ ಹೀರಲ್ಲ. ಯಾಕೆಂದರೆ ಸೆಲ್ಯುಲೋಸ್ ಸರಪಳಿಯ ಉದ್ದಕ್ಕೂ ನೀರನ್ನು ಹಿಡಿಯುವ ಕೊಂಡಿಗಳಿವೆ. ರೇಷ್ಮೆ ಮಾತ್ರ ಈ ಕುಟುಂಬದ್ದಲ್ಲ, ಅದು ಪ್ರೋಟೀನ್.

ಈ ನಾರಿನಿಂದ ಕಾರ್ಖಾನೆ ನಡೆಸಿದ ಊರುಗಳು ನಮ್ಮ ಪಕ್ಕದಲ್ಲೇ ಇವೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡ್ತಿತ್ತು. ಕಾಗದ ಮಾಡೋದು ಅಂದರೆ ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ಸಿಪ್ಪೆ ಬೇಯಿಸಿ ಸಿಮೆಂಟು ಕರಗಿಸಿ, ಕಂಬಿಗಳನ್ನು ಮಾತ್ರ ತೆಗೆದು ಹಾಳೆಯಾಗಿ ಹರಡೋದು. ಮಂಡ್ಯದಲ್ಲಿ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಅಂತ ಇನ್ನೊಂದು ಕಂಪನಿ ಇತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಸೆಲ್ಯುಲೋಸ್ ಅಸಿಟೇಟ್. ಕನ್ನಡಕದ ಫ್ರೇಮು, ಹಳೇ ಕಾಲದ ಫಿಲಂ ರೀಲು, ಸಿಗರೇಟ್ ಫಿಲ್ಟರ್ ಇವಕ್ಕೆಲ್ಲ ಬಳಸುವ ವಸ್ತು ಅದು. ಎರಡೂ ಈಗ ಮುಚ್ಚಿವೆ. ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ನೀಲಗಿರಿ ಮರದ ತಿರುಳಿನಿಂದ ರೇಯಾನ್ ಬಟ್ಟೆಗೆ ಬೇಕಾದ ಸೆಲ್ಯುಲೋಸ್ ತೆಗೆಯುತ್ತಾರೆ. ಆ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ, ಶಾವಿಗೆ ಒತ್ತುವ ಹಾಗೆ ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಒತ್ತಿದರೆ ನೂಲಾಗಿ ಹೊರಬರುತ್ತೆ.

ನಮ್ಮ ಆಲೆಮನೆಗಳಲ್ಲಿ ರಚ್ಚು ಒಣಗಿಸಿ ಅದರಿಂದಲೇ ಹಾಲು ಕಾಯಿಸ್ತೀವಿ. ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಉರಿಯೋದೂ ಸಿಪ್ಪೆಯಿಂದಲೇ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ ಹಸಿ ಸಿಪ್ಪೆ ಸಿಗುತ್ತೆ. ಅಂದರೆ ಗದ್ದೆಯಿಂದ ಹೊರಗೆ ಹೋದ ನಾರಿಗೆ ಎಲ್ಲರೂ ಬೆಲೆ ಕಟ್ಟಿದ್ದಾರೆ. ಗದ್ದೆಯಲ್ಲೇ ಉಳಿದ ನಾರಿಗೆ ಬೆಲೆ ಕಟ್ಟದವರು ನಾವೇ.

ಬೀಗದ ಕೈ ಯಾರ ಹತ್ತಿರ ಇದೆ?

ಸೆಲ್ಯುಲೋಸಿನ ಬೀಗ ತೆಗೆಯುವ ಕಿಣ್ವಕ್ಕೆ ಸೆಲ್ಯುಲೇಸ್ ಅಂತ ಹೆಸರು. ಇದು ಹಸುವಿಗೂ ಇಲ್ಲ! ಹಸುವಿನ ಮೊದಲ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ಹುಲ್ಲಿನ ನಾರು ಒಡೆಯೋದು ಅವು. ನಾವು ಹಸು ಸಾಕ್ತೀವಿ, ಹಸು ಆ ಜೀವಿಗಳನ್ನು ಸಾಕುತ್ತೆ.

ಮಣ್ಣಿನಲ್ಲಿ ಈ ಕೆಲಸ ಮಾಡುವವರಲ್ಲಿ ಮುಖ್ಯರು ಶಿಲೀಂಧ್ರಗಳು. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನಿಕರ ಹತ್ತಿ ಟೆಂಟು, ಬಟ್ಟೆಗಳು ಲಡ್ಡಾಗಿ ಹರಿಯೋಕೆ ಶುರುವಾದವು. ಕಾರಣ ಹುಡುಕಿದಾಗ ಸಿಕ್ಕ ಹಸಿರು ಬೂಸ್ಟೇ ಟ್ರೈಕೋಡರ್ಮಾ ರೀಸೈ. ಅದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಇವತ್ತು ಜೀನ್ಸ್ ಪ್ಯಾಂಟ್ ಮೆತ್ತಗೆ ಮಾಡೋಕೆ, ಬಟ್ಟೆ ಸೋಪಿನ ಪುಡಿಗೆ ಬಳಸುವ ಸೆಲ್ಯುಲೇಸ್ ಕಿಣ್ವವನ್ನು ಈ ಶಿಲೀಂಧ್ರದಿಂದಲೂ ತೆಗೆಯುತ್ತಾರೆ. ನಾವು ಬೇರುಕೊಳೆ ರೋಗಕ್ಕೆ ಅಂತ ತರುವ ಟ್ರೈಕೋಡರ್ಮಾ ಪ್ಯಾಕೆಟ್ ಇದೆಯಲ್ಲ, ಅದು ಇದರ ದಾಯಾದಿ. ಸೈನ್ಯಕ್ಕೆ ಶತ್ರುವಾದದ್ದು ನಮಗೆ ಕೂಲಿಯಾಳು.

ಸುಟ್ಟರೆ ಏನು ಹೋಗುತ್ತೆ?

ಎಕರೆಗೆ 3 ಟನ್ ಒಣ ತರಗು ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು 1,200 ಕೆ.ಜಿ ಸೆಲ್ಯುಲೋಸ್, ಅಂದರೆ ಬೀಗ ಹಾಕಿದ ಸಕ್ಕರೆ. ಅದೇ ಎಕರೆಯಲ್ಲಿ 40 ಟನ್ ಕಬ್ಬು ಬಂದು ಕಾರ್ಖಾನೆಯಲ್ಲಿ ಶೇ 9 ಇಳುವರಿ ಸಿಕ್ಕರೆ ಸಕ್ಕರೆ 3,600 ಕೆ.ಜಿ. ಅಂದರೆ ಕಾರ್ಖಾನೆಯಲ್ಲಿ ಮೂಟೆಗೆ ಬೀಳುವ ಸಕ್ಕರೆಯ ಮೂರನೇ ಒಂದು ಭಾಗದಷ್ಟು ನಮ್ಮ ಗದ್ದೆಯಲ್ಲೇ ಬಿದ್ದಿರುತ್ತೆ.

ಈಗ ಸಾರಜನಕ ನೋಡೋಣ. ತರಗಿನಲ್ಲಿ ಸಾರಜನಕ ಸುಮಾರು ಶೇ 0.4. ಮೂರು ಟನ್ನಿಗೆ 12 ಕೆ.ಜಿ. ಸುಟ್ಟಾಗ ಇದರಲ್ಲಿ ಹೆಚ್ಚಿನ ಭಾಗ ಹೊಗೆಯ ಜೊತೆ ಹೋಗುತ್ತೆ, ಗಂಧಕವೂ ಹೋಗುತ್ತೆ. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತೆ. 12 ಕೆ.ಜಿ ಸಾರಜನಕ ಅಂದರೆ 26 ಕೆ.ಜಿ ಯೂರಿಯಾ. 45 ಕೆ.ಜಿ ಚೀಲಕ್ಕೆ 266 ರೂಪಾಯಿ 50 ಪೈಸೆ ಲೆಕ್ಕದಲ್ಲಿ ಸುಮಾರು 154 ರೂಪಾಯಿ.

ಇಲ್ಲಿ ನಿಜ ಹೇಳಬೇಕು. 154 ರೂಪಾಯಿಗೋಸ್ಕರ ಯಾರೂ ತರಗು ಉಳಿಸಲ್ಲ. ಅದನ್ನು ಹರಡೋಕೆ ಒಂದು ಆಳಿನ ಕೂಲಿಯೇ ಅದಕ್ಕಿಂತ ಜಾಸ್ತಿ. ಯೂರಿಯಾ ಲೆಕ್ಕದಲ್ಲಿ ನೋಡಿದರೆ ಬೆಂಕಿಕಡ್ಡಿಯೇ ಅಗ್ಗ, ನಮ್ಮ ಹಿರಿಯರು ಸುಟ್ಟಿದ್ದಕ್ಕೆ ಕಾರಣ ಇದೆ. ಹಾಗಾಗಿ ತರಗಿನ ಬೆಲೆಯನ್ನು ಯೂರಿಯಾದಲ್ಲಿ ಅಳೆಯಬಾರದು, ನೀರಿನಲ್ಲಿ ಮತ್ತು ಇಂಗಾಲದಲ್ಲಿ ಅಳೆಯಬೇಕು.

2023 ನೆನಪಿದೆಯಾ? ಮಳೆ ಕೈಕೊಟ್ಟು ಕೆ.ಆರ್.ಎಸ್ ತುಂಬಲಿಲ್ಲ, ನಾಲೆಯ ನೀರಿಗೆ ಕಾದು ಕಾದು ಸಾಕಾಯ್ತು. ಆ ವರ್ಷ ನನ್ನ ಕೂಳೆ ಕಬ್ಬಿನ ಸಾಲುಗಳ ಮಧ್ಯೆ ತರಗಿನ ಹೊದಿಕೆ ಇತ್ತು. ಹೊದಿಕೆ ಇಲ್ಲದ ಕಡೆ ಎಂಟು ಹತ್ತು ದಿನಕ್ಕೆ ಎಲೆ ಸುರುಳಿ ಕಟ್ಟುತ್ತಿತ್ತು. ಹೊದಿಕೆ ಕೆಳಗೆ ಎರಡು ವಾರ ಕಳೆದರೂ ಮಣ್ಣು ಮುದ್ದೆ ಕಟ್ಟುವಷ್ಟು ಹಸಿ ಇತ್ತು. ಬೋರ್‌ವೆಲ್ಲಿನ ಒಂದೂವರೆ ಇಂಚು ನೀರಿನಲ್ಲಿ ಆ ಕೂಳೆ ಬದುಕಿತು. ಒಂದು ಕೂಳೆ ಬೆಳೆ ಹೋಗೋದಕ್ಕೂ ಉಳಿಯೋದಕ್ಕೂ ಇರುವ ವ್ಯತ್ಯಾಸವನ್ನು ಯಾವ ಯೂರಿಯಾ ಚೀಲದಲ್ಲೂ ಅಳೆಯೋಕೆ ಆಗಲ್ಲ. ಸಾಲದ್ದಕ್ಕೆ ಹೊದಿಕೆ ಇದ್ದ ಕಡೆ ಕಳೆ ಕೀಳುವ ಕೂಲಿಯೂ ಉಳಿಯಿತು.

ಇನ್ನು ಇಂಗಾಲ. ಮೂರು ಟನ್ ತರಗಿನಲ್ಲಿ ಒಂದು ಟನ್ನಿಗೂ ಹೆಚ್ಚು ಇಂಗಾಲ ಇದೆ. ಕೊಳೆತರೂ ಬಹುಪಾಲು ಗಾಳಿಗೆ ಹೋಗುತ್ತೆ ನಿಜ. ಆದರೆ ಹೋಗುವ ಮುನ್ನ ಎರೆಹುಳು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಹೊಟ್ಟೆ ತುಂಬಿಸಿ, ಸ್ವಲ್ಪ ಭಾಗ ಹ್ಯೂಮಸ್ ಆಗಿ ಮಣ್ಣಿನಲ್ಲಿ ನಿಲ್ಲುತ್ತೆ. ಬೆಂಕಿಗೆ ಕೊಟ್ಟರೆ ಇದ್ಯಾವುದೂ ಇಲ್ಲ.

ತರಗು ಹಾಕಿದರೆ ಕಬ್ಬು ಹಳದಿಯಾಗುತ್ತಲ್ಲ?

ಇದು ಸರಿಯಾದ ಪ್ರಶ್ನೆ. ಉತ್ತರ ಇರೋದು ಇಂಗಾಲ–ಸಾರಜನಕದ ಅನುಪಾತದಲ್ಲಿ. ತರಗಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 100 ಪಾಲು ಇಂಗಾಲ ಇದೆ. ಕೊಳೆಸುವ ಜೀವಿಗಳಿಗೆ ಬೇಕಾದ ಊಟದಲ್ಲಿ 25ರಿಂದ 30 ಪಾಲು ಇರಬೇಕು. ತರಗನ್ನು ಮಣ್ಣಿಗೆ ಸೇರಿಸಿ ಉತ್ತುಬಿಟ್ಟರೆ ಈ ಜೀವಿಗಳು ಕೊರತೆಯಾದ ಸಾರಜನಕವನ್ನು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಬೆಳೆಗೆ ಸಿಗಲ್ಲ. ಅದಕ್ಕೆ ಎಲೆ ಹಳದಿ. ಮುಂದೆ ಅವು ಸತ್ತಾಗ ಅದೇ ಸಾರಜನಕ ವಾಪಸ್ ಬರುತ್ತೆ. ಸಾಲ ಕೊಟ್ಟ ಹಾಗೆ.

ಪರಿಹಾರ ಎರಡು. ಒಂದು, ತರಗನ್ನು ಮಣ್ಣಿಗೆ ಬೆರೆಸದೆ ಮೇಲೆ ಹೊದಿಕೆಯಾಗಿ ಬಿಡಿ. ಎರಡು, ಆ ಜೀವಿಗಳಿಗೆ ಬೇಕಾದ ಸಾರಜನಕವನ್ನು ನೀವೇ ಕೊಡಿ. ನಾನು ಮಾಡುವ ಕ್ರಮ ಹೀಗಿದೆ:

1. ಕಬ್ಬು ಕಡಿದ ವಾರದೊಳಗೆ ಕೂಳೆಯ ಮೇಲಿನ ತರಗು ಎಳೆದು, ಕೂಳೆ ನೆಲಮಟ್ಟಕ್ಕೆ ಸವರಿಸ್ತೀನಿ. ಮೊಳಕೆ ಬರುವ ಜಾಗ ಬಿಸಿಲಿಗೆ ತೆರೆದಿರಬೇಕು.

2. ಹಸಿರು ಸೋಗೆ ದನಕ್ಕೆ. ಒಣ ತರಗು ಮಾತ್ರ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಕ್ತೀನಿ. ಖಾಲಿ ಸಾಲಿನಲ್ಲಿ ನೀರು ಹರಿಯುತ್ತೆ. ಎಲ್ಲಾ ಸಾಲಿಗೂ ತುಂಬಿದರೆ ನಾಲೆ ನೀರು ಮುಂದಕ್ಕೆ ಹೋಗಲ್ಲ.

3. ಒಂದು ಟನ್ ತರಗಿಗೆ 1 ಕೆ.ಜಿ ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಎರಚಿ, ಮೇಲೆ ಸಗಣಿ ಬಗ್ಗಡ ಅಥವಾ ಜೀವಾಮೃತ ಚಿಮುಕಿಸ್ತೀನಿ. ಸಾವಯವ ಅಲ್ಲದವರು ಟನ್ನಿಗೆ ಸುಮಾರು 8 ಕೆ.ಜಿ ಯೂರಿಯಾ, 10 ಕೆ.ಜಿ ಸೂಪರ್ ಫಾಸ್ಫೇಟ್ ಹಾಕೋದು ರೂಢಿ.

4. ತಕ್ಷಣ ಒಂದು ನೀರು. ಒಣ ತರಗಿನಲ್ಲಿ ಯಾವ ಶಿಲೀಂಧ್ರವೂ ಬೆಳೆಯಲ್ಲ. ತಿಂಗಳ ನಂತರ ಖಾಲಿ ಸಾಲಿನ ಅಂಚಿಗೆ ಅಲಸಂದೆ ಚೆಲ್ಲಿದರೆ ಹಸಿರು ಸಾರಜನಕವೂ ಸಿಗುತ್ತೆ.

ತರಗು ಪುಡಿ ಮಾಡುವ ಯಂತ್ರ ಓಡಿಸಿದರೆ ಇನ್ನೂ ಬೇಗ ಕೊಳೆಯುತ್ತೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ಅಂತ ವಿಚಾರಿಸಿ. ನಾಲ್ಕೈದು ಜನ ಸೇರಿ ಒಂದೇ ದಿನ ತರಿಸಿದರೆ ಖರ್ಚು ಹಂಚಿಹೋಗುತ್ತೆ.

ಎಚ್ಚರಿಕೆಗಳೂ ಇವೆ. ಹೊದಿಕೆ ಇರುವ ಗದ್ದೆಗೆ ಪಕ್ಕದ ಗದ್ದೆಯ ಕಿಡಿ ಹಾರಿದರೆ ಕೂಳೆಯ ಜೊತೆ ಡ್ರಿಪ್ ಪೈಪೂ ಹೋಗುತ್ತೆ. ಬದುವಿನ ಉದ್ದಕ್ಕೂ ಆರೇಳು ಅಡಿ ಜಾಗ ಬರಿದಾಗಿ ಬಿಡಿ, ಪಕ್ಕದವರಿಗೆ ಮೊದಲೇ ಮಾತಾಡಿ. ಇಲಿ ಸೇರದಂತೆ ಬದು ಸವರಿ. ಕೆಂಪು ಕೊಳೆ ರೋಗ ಬಂದ ಗದ್ದೆಯಾದರೆ ಈ ಲೇಖನದ ಮಾತು ಅನ್ವಯಿಸಲ್ಲ. ಅಲ್ಲಿ ರೋಗದ ಕಸ ತೆಗೆದು ನಾಶ ಮಾಡೋದೇ ಸರಿ, ಕೂಳೆಯನ್ನೂ ಬಿಡಬಾರದು.

ಬತ್ತದ ಹುಲ್ಲು, ತೆಂಗಿನ ಸಿಪ್ಪೆ, ಕಟ್ಟುವ ದಾರ

ಬತ್ತದ ಹುಲ್ಲಿಗೆ ಮೊದಲ ಹಕ್ಕು ದನದ್ದು. ಒಣಹುಲ್ಲಿನ ನಾರು ಸಡಿಲಿಸೋಕೆ ಯೂರಿಯಾ ಉಪಚಾರ ಇದೆ. 100 ಕೆ.ಜಿ ಹುಲ್ಲಿಗೆ 4 ಕೆ.ಜಿ ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಬಿಡಬೇಕು. ಅಮೋನಿಯಾ ಹೊರಟು ಸಿಮೆಂಟಿನ ಹಿಡಿತ ಸಡಿಲಿಸುತ್ತೆ. ಅಳತೆ ಮೀರಬೇಡಿ, ಯೂರಿಯಾ ನೀರು ದನ ಕುಡಿಯದಂತೆ ನೋಡಿಕೊಳ್ಳಿ, ತಿನ್ನಿಸುವ ಮುನ್ನ ಗಾಳಿಗೆ ಹರಡಿ, ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಮೊದಲ ಸಲ ಪಶುವೈದ್ಯರನ್ನು ಕೇಳಿಯೇ ಮಾಡಿ. ನಾನು ಸಾವಯವದವನಾದ್ದರಿಂದ ಇದನ್ನು ಮಾಡಲ್ಲ, ಹುಲ್ಲಿನ ಜೊತೆ ಹಸಿ ಮೇವು ಕತ್ತರಿಸಿ ಬೆರೆಸ್ತೀನಿ.

ಮನೆಯಲ್ಲಿ ಪುರುಸೊತ್ತು ಇದ್ದವರು ಹುಲ್ಲಿನ ಮೇಲೆ ಸಿಂಪಿ ಅಣಬೆ ಬೆಳೆಯಬಹುದು. ಅಣಬೆಗೆ ಸಿಮೆಂಟನ್ನೂ ಕರಗಿಸುವ ಶಕ್ತಿ ಇದೆ. ಅಣಬೆ ಮಾರಿದ ಮೇಲೆ ಉಳಿಯುವ ಹುಲ್ಲು ಅರ್ಧ ಗೊಬ್ಬರವಾಗಿರುತ್ತೆ. ನಾಗಮಂಗಲ, ಕೆ.ಆರ್.ಪೇಟೆಯ ತೆಂಗಿನ ತೋಟದವರು ಸಿಪ್ಪೆ ಕೊಳೆಯಲಿ ಅಂತ ಕಾಯಬೇಡಿ. ನಾರು ಮೇಲ್ಮುಖವಾಗಿ ಬುಡದ ಸುತ್ತ ಹೂಳಿದರೆ ವರ್ಷಗಟ್ಟಲೆ ನೀರು ಹಿಡಿಯುವ ಸ್ಪಂಜಾಗುತ್ತೆ.

ಟೊಮೆಟೊ, ಹೀರೆ ಕಟ್ಟೋಕೆ ಪ್ಲಾಸ್ಟಿಕ್ ದಾರದ ಬದಲು ಹತ್ತಿ ಅಥವಾ ಸೆಣಬಿನ ದಾರ ಬಳಸಿ, ಬೆಳೆ ಮುಗಿದ ಮೇಲೆ ಬಳ್ಳಿ ಸಮೇತ ಗೊಬ್ಬರದ ಗುಂಡಿಗೆ ಹಾಕಬಹುದು. ಯಾವ ದಾರ ಅಂತ ಅನುಮಾನ ಬಂದರೆ ತುದಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಸೆಲ್ಯುಲೋಸ್. ಕರಗಿ ಗಟ್ಟಿ ಗುಂಡಾದರೆ ಪ್ಲಾಸ್ಟಿಕ್. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆಯೋ ರೇಷ್ಮೆಯೋ.

ಬನಿಯನ್ ಪರೀಕ್ಷೆ

ನಿಮ್ಮ ಮಣ್ಣಿನಲ್ಲಿ ಬೀಗ ತೆಗೆಯುವವರು ಇದ್ದಾರಾ ಅಂತ ತಿಳಿಯೋಕೆ ಲ್ಯಾಬ್ ಬೇಡ. 2021ರಲ್ಲಿ ಸ್ವಿಟ್ಜರ್ಲೆಂಡಿನ ಆಗ್ರೋಸ್ಕೋಪ್ ಸಂಸ್ಥೆ ಮತ್ತು ಜ್ಯೂರಿಕ್ ವಿಶ್ವವಿದ್ಯಾಲಯದವರು ಜನರಿಗೆ ಹತ್ತಿಯ ಒಳಚಡ್ಡಿ ಕಳಿಸಿ ತೋಟಗಳಲ್ಲಿ ಹೂಳಿಸಿದ್ದರು. ನಾವು ಹಳೇ ಬನಿಯನ್ನಿನಲ್ಲೇ ಮಾಡೋಣ. ಪೂರ್ತಿ ಹತ್ತಿಯದ್ದು, ಬಿಳಿಯದ್ದು ಎರಡು ತಗೊಳ್ಳಿ. ಒಂದನ್ನು ಸುಡುತ್ತಾ ಬಂದಿರುವ ಗದ್ದೆಯಲ್ಲಿ, ಇನ್ನೊಂದನ್ನು ಹೊದಿಕೆ ಇರುವ ಕಡೆ ಅಥವಾ ತಿಪ್ಪೆಯ ಪಕ್ಕದ ಮಣ್ಣಿನಲ್ಲಿ, ಅರ್ಧ ಅಡಿ ಆಳದಲ್ಲಿ ಹರಡಿ ಮುಚ್ಚಿ. ಕಡ್ಡಿ ನೆಟ್ಟು ಗುರುತು ಮಾಡಿ. ಮಣ್ಣು ಹಸಿ ಇರಲಿ. ಅರವತ್ತು ದಿನಕ್ಕೆ ತೆಗೆದು ನೋಡಿ.

ನನ್ನ ಹೊದಿಕೆ ಸಾಲಿನಲ್ಲಿ ಹೂತಿದ್ದರಲ್ಲಿ ಸಿಕ್ಕಿದ್ದು ಹೊಲಿಗೆಯ ದಾರ ಮತ್ತು ಲೇಬಲ್ ಮಾತ್ರ, ಎರಡೂ ಪಾಲಿಯೆಸ್ಟರ್. ಹತ್ತು ವರ್ಷದಿಂದ ಸುಡುತ್ತಾ ಬಂದಿದ್ದ, ಈಚೆಗೆ ಗುತ್ತಿಗೆಗೆ ಹಿಡಿದ ತುಂಡಿನಲ್ಲಿ ಹೂತಿದ್ದನ್ನು ಒಗೆದು ಮತ್ತೆ ಹಾಕಿಕೊಳ್ಳಬಹುದಿತ್ತು. ಆ ತುಂಡಿಗೂ ಈಗ ತರಗು ಹೊದಿಸಿದ್ದೀನಿ.

ಈ ಸಲ ಪೂರ್ತಿ ಗದ್ದೆ ಬೇಡ, ಹತ್ತು ಗುಂಟೆ ಸಾಕು. ಅಷ್ಟರಲ್ಲಿ ತರಗು ಉಳಿಸಿ, ಉಳಿದದ್ದು ನಿಮ್ಮಿಷ್ಟ. ಬೇಸಿಗೆಯಲ್ಲಿ ನಾಲೆ ನೀರು ನಿಂತ ಹದಿನೈದನೇ ದಿನ ಎರಡೂ ಕಡೆ ಮಣ್ಣು ಕೈಗೆ ತಗೊಂಡು ಹಿಂಡಿ ನೋಡಿ. ಮುಂದಿನ ಕಟಾವಿಗೆ ಏನು ಮಾಡಬೇಕು ಅಂತ ಆಗ ನಿಮಗೇ ಗೊತ್ತಾಗುತ್ತೆ.